ದೂರದ ಕಡತಕ್ಕೆ ಭದ್ರವಾದ ಬಾಗಿಲು

ಉಲ್ಲಾಳದ ತನ್ನ ಮನೆಯಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು ಪ್ರಯೋಗದ ಅಂಕಿಗಳನ್ನು ಕೃತಕ ಬುದ್ಧಿಮತ್ತೆಯ ಒಂದು ಏಜೆಂಟಿಗೆ ಒಪ್ಪಿಸಿದನೆಂದು ಭಾವಿಸೋಣ. ಏಜೆಂಟೆಂದರೆ, ಕೇಳಿದ್ದಕ್ಕೆ ಉತ್ತರ ಹೇಳುವುದಷ್ಟೇ ಅಲ್ಲದೆ, ತಾನೇ ಕಡತಗಳನ್ನು ಓದಿ, ಬರೆದು, ಕೆಲಸವನ್ನು ಪೂರೈಸುವ ಪ್ರೋಗ್ರಾಮು. ಅದು ನಡೆಯುವ ಕಂಪ್ಯೂಟರು ಸಮೀಪದ ಜ್ಞಾನಭಾರತಿಯಲ್ಲಿರಬಹುದು, ಸಿಂಗಪುರದಲ್ಲಿರಬಹುದು. ಅಲ್ಲಿ ಸಿದ್ಧವಾದ ನಕ್ಷೆಯನ್ನು ವಿದ್ಯಾರ್ಥಿಯು ತನ್ನ ಬ್ರೌಸರಿನಲ್ಲಿ ನೋಡಬೇಕು. ಆದರೆ ಅದೇ ಯಂತ್ರದಲ್ಲಿ ಇತರರ ಕಡತಗಳೂ ಗುಪ್ತಪದಗಳೂ ಇವೆ. ಒಂದನ್ನು ತೋರಿಸಿ ಉಳಿದವನ್ನು ಕಾಪಾಡುವುದು ಹೇಗೆ?

ಹಳೆಯ ಗ್ರಂಥಾಲಯಗಳನ್ನು ನೆನೆಯಿರಿ. ಓದುಗನು ಪುಸ್ತಕಗಳ ಕೋಣೆಯೊಳಕ್ಕೆ ಹೋಗುವಂತಿಲ್ಲ. ಚೀಟಿ ಬರೆದುಕೊಟ್ಟರೆ ಸಹಾಯಕನು ಪುಸ್ತಕವನ್ನು ತಂದುಕೊಡುವನು. ಇಲ್ಲಿ ಆ ಸಹಾಯಕನ ಕೆಲಸವನ್ನು ಸರ್ವರು ಮಾಡುತ್ತದೆ. ಅದು ವಿದ್ಯಾರ್ಥಿಯ ಗುರುತನ್ನು ಪರೀಕ್ಷಿಸಿ, ಅಲ್ಪಕಾಲ ಮಾತ್ರ ಸಲ್ಲುವ ಟೋಕನ್ನನ್ನು ಕೊಡುತ್ತದೆ. ಅದರ ಮೇಲೆ ಗಣಿತದ ಮುದ್ರೆಯೊಂದು ಇರುವುದರಿಂದ, ಒಂದಕ್ಷರವನ್ನು ತಿದ್ದಿದರೂ ಮೋಸವು ಬಯಲಾಗುತ್ತದೆ.

ಚೀಟಿಯಲ್ಲಿ ಬರೆದ ವಿಳಾಸವೇ ಮೋಸದ್ದಾದರೆ? ಕಂಪ್ಯೂಟರಿನ ವಿಳಾಸದಲ್ಲಿ ಎರಡು ಚುಕ್ಕೆಗಳಿಗೆ ‘ಒಂದು ಮೆಟ್ಟಿಲು ಮೇಲಕ್ಕೆ’ ಎಂದರ್ಥ. ‘ವರದಿ/../../ಗುಪ್ತ’ ಎಂಬುದು ವರದಿಯ ಹೆಸರಿನಿಂದ ಮೊದಲಾಗಿ ಹೊರಗಿನ ಕೋಣೆಯಲ್ಲಿ ಮುಗಿಯುತ್ತದೆ. ಆದುದರಿಂದ ಸಂಕೇತಗಳನ್ನೆಲ್ಲ ಬಿಡಿಸಿ, ವಿಳಾಸವು ನಿಜವಾಗಿ ತಲಪುವ ಸ್ಥಳವನ್ನು ಕಂಡುಕೊಂಡ ಬಳಿಕವೇ ಅನುಮತಿಯನ್ನು ನಿರ್ಧರಿಸಬೇಕು. ೨೦೨೧ರ ಅಕ್ಟೋಬರಿನಲ್ಲಿ ಪ್ರಸಿದ್ಧ ಅಪಾಚೆ ಸರ್ವರಿನ ೨.೪.೪೯ನೆಯ ಆವೃತ್ತಿಯಲ್ಲಿ ಇಂಥದೇ ದೋಷವು ಹೊರಬಿದ್ದಿತು. ಚುಕ್ಕೆಯನ್ನು ಸಂಕೇತರೂಪದಲ್ಲಿ ಬರೆದರೆ ಅದರ ಪರೀಕ್ಷೆಯು ತಪ್ಪಿಹೋಗುತ್ತಿದ್ದಿತು. ಮೊದಲ ತಿದ್ದುಪಡಿಯೂ ಸಾಲದೆ, ಕೆಲವೇ ದಿನಗಳಲ್ಲಿ ಮತ್ತೊಂದು ಬೇಕಾಯಿತು.

ಮೂರನೆಯ ಅಪಾಯವು ಇನ್ನೂ ಸೂಕ್ಷ್ಮವಾದುದು. ನಾರ್ಮ್ ಹಾರ್ಡಿ ಎಂಬವರು ೧೯೮೮ರಲ್ಲಿ ಒಂದು ಪ್ರಸಂಗವನ್ನು ವಿವರಿಸಿದರು. ಒಂದು ಕಂಪೈಲರಿಗೆ ತನ್ನ ಅಂಕಿಅಂಶಗಳನ್ನು ಬರೆಯಲೆಂದು ವಿಶೇಷ ಅಧಿಕಾರವನ್ನು ಕೊಡಲಾಗಿದ್ದಿತು. ಬಿಲ್ಲುಗಳ ಕಡತವೂ ಅದೇ ಸ್ಥಳದಲ್ಲಿದ್ದಿತು. ಬಳಕೆದಾರನೊಬ್ಬನು ತನ್ನ ಫಲಿತಾಂಶವನ್ನು ಬರೆಯಬೇಕಾದ ಕಡತವೆಂದು ಆ ಬಿಲ್ಲಿನ ಕಡತವನ್ನೇ ಹೆಸರಿಸಿದನು. ಕಂಪೈಲರು ತನ್ನ ಅಧಿಕಾರದ ಬಲದಿಂದ ಅದರ ಮೇಲೆಯೇ ಬರೆಯಿತು, ಬಿಲ್ಲುಗಳು ನಾಶವಾದವು! ಬಳಕೆದಾರನಿಗೆ ಇಲ್ಲದ ಅಧಿಕಾರವನ್ನು ಸೇವಕನು ಅವನ ಪರವಾಗಿ ಚಲಾಯಿಸಿದಂತಾಯಿತು.

ಏಜೆಂಟೂ ಇಂಥ ಸೇವಕನೇ. ಓದುತ್ತಿರುವ ಕಡತದೊಳಗೆ ಯಾರೋ ಅಡಗಿಸಿಟ್ಟ ಅಪ್ಪಣೆಯನ್ನು ಅದು ಯಜಮಾನನ ಮಾತೆಂದು ಪಾಲಿಸಬಹುದು. ಆದ ಕಾರಣ ಕಡತವನ್ನು ತೆರೆಯುವಾಗ ಏಜೆಂಟಿನ ಅಧಿಕಾರವನ್ನಲ್ಲ, ಕೇಳಿದವನ ಅಧಿಕಾರವನ್ನು ನೋಡಬೇಕು. ಏಜೆಂಟಿಗೂ ಆ ಕೆಲಸಕ್ಕೆ ಬೇಕಾದ ಕೋಣೆಯ ಬೀಗದಕೈಯನ್ನಷ್ಟೇ ಕೊಡಬೇಕು.

ವಾಚಕರೇ, ನೀವೇ ಇಂಥದೊಂದು ಸಣ್ಣ ಸರ್ವರನ್ನು ರಚಿಸುವುದಾದರೆ, ಇತರರಿಗೆ ತೆರೆಯುವ ಮುನ್ನ ಎರಡು ಚುಕ್ಕೆಗಳ ಚೀಟಿಯನ್ನು ನೀವೇ ಕೊಟ್ಟು ನೋಡಿರಿ.