ಚಿತ್ರದೊಳಗಿನ ಫೀಸು

ಖಾಯಿಲೆಯ ಮಗುವಿನ ಬಳಿ ಗಲ್ಲಕ್ಕೆ ಕೈಯಿಟ್ಟು ಕುಳಿತ ವೈದ್ಯ. ಹಿಂದೆ ಅಸಹಾಯನಾಗಿ ನಿಂತ ತಂದೆ, ಮೇಜಿಗೆ ತಲೆಯಾನಿಸಿದ ತಾಯಿ. ಆಂಗ್ಲ ಕಲಾವಿದ ಲ್ಯೂಕ್ ಫಿಲ್ಡ್ಸ್ 1891ರಲ್ಲಿ ಪ್ರದರ್ಶಿಸಿದ ಈ ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಹುಡುಗಿಯೊಬ್ಬಳು, “ಮಾಷ್ಟ್ರೇ, ಡಾಕ್ಟರರ ಫೀಸು ಯಾರು ಕೊಡುವುದು?” ಎಂದಳು. ಬಡವರ ಗುಡಿಸಲೆಂದು ಅವಳಿಗೆ ತಕ್ಷಣ ತಿಳಿದಿತ್ತು.

ಇದೇ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಅಧ್ಯಕ್ಷ ಟ್ರೂಮನ್ 1945ರ ನವೆಂಬರಿನಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆಯ ಸಲಹೆಯನ್ನು ಶಾಸನಸಭೆಯ ಮುಂದಿಟ್ಟರು. 1948ರ ಚುನಾವಣೆಯಲ್ಲಿ ಅವರು ಗೆದ್ದದ್ದೇ ತಡ, ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ತನ್ನ ಸದಸ್ಯರಿಗೆ ತಲಾ 25 ಡಾಲರ್ ವಂತಿಗೆ ವಿಧಿಸಿತು. ಕ್ಯಾಲಿಫೋರ್ನಿಯದ ವಿಟೇಕರ್–ಬ್ಯಾಕ್ಸ್‌ಟರ್ ದಂಪತಿಯ ಪ್ರಚಾರ ಸಂಸ್ಥೆಯನ್ನು ನೇಮಿಸಿತು. 1949ರ ಒಂದೇ ವರ್ಷದಲ್ಲಿ ಸುರಿದ ಹಣ ಸುಮಾರು 15 ಲಕ್ಷ ಡಾಲರು. ಮರುವರ್ಷ ಇತರ ವ್ಯಾಪಾರಿ ಸಂಸ್ಥೆಗಳೂ ಸ್ವಂತ ದುಡ್ಡಿನ ಜಾಹೀರಾತುಗಳಿಂದ ದನಿಗೂಡಿಸಿದವು. ಯೋಜನೆಗೆ ‘ಸಮಾಜವಾದಿ ವೈದ್ಯಕೀಯ’ವೆಂಬ ಹೆಸರಂಟಿತು. ಕಮ್ಯೂನಿಸಮ್ಮಿನ ಭಯದ ಆ ದಿನಗಳಲ್ಲಿ ಅಷ್ಟೇ ಸಾಕಾಯಿತು.

ಫಿಲ್ಡ್ಸರ ಚಿತ್ರವೂ ವೈದ್ಯರ ಕೊಠಡಿಗಳಲ್ಲಿ ತೂಗಿತು, ಇದರೊಳಗೆ ರಾಜಕೀಯ ಬೇಡವೆಂಬ ಅರ್ಥದ ಬರಹದೊಂದಿಗೆ. (ಹಣ ಸುರಿದು ಮಸೂದೆ ತಡೆಯುವುದು ಮಾತ್ರ ರಾಜಕೀಯವಲ್ಲವೇನೋ!) ಬಡವನ ಗುಡಿಸಲನ್ನೇ ಬಡವನ ವಿಮೆಗೆ ವಿರುದ್ಧವಾಗಿ ನಿಲ್ಲಿಸಿದ ಆ ಜಾಣತನಕ್ಕೆ ಏನೆನ್ನಬೇಕು?

ಮಸೂದೆ ಮತಕ್ಕೆ ಬಾರದೆಯೇ ಸತ್ತಿತು. 65 ದಾಟಿದವರಿಗಷ್ಟೇ ಮೀಸಲಾದ ಮೆಡಿಕೇರ್ ಶಾಸನಕ್ಕೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು 1965ರ ಜುಲೈ 30ರಂದು, ಟ್ರೂಮನರ ಊರಿಗೇ ಹೋಗಿ. ಮೊದಲ ಕಾರ್ಡು 81 ವರ್ಷದ ಟ್ರೂಮನರಿಗೆ ಸಂದಿತು; ಎರಡನೆಯದು ಅವರ ಪತ್ನಿಗೆ.