ಗೋಗರ್ಭಾವಯವಗಳ ಹೆಸರುಗಳು: ಬಾಗಲಕೋಟೆ ಸೀಮೆಯ ಬಳಕೆಯ ವಿಚಾರ

ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಕಲ್ಯಾಣಚಾಲುಕ್ಯ ರಾಜಪುತ್ರನೆಂಬುದು ವಾಚಕರಿಗೆ ವಿದಿತವೇ ಇದೆ. ಬಾದಾಮಿಯಲ್ಲಿ ಆಳಿದ ಅದೇ ಹೆಸರಿನ ಅರಸರೊಡನೆ ಆತನನ್ನು ಕೂಡಿಸಬಾರದು. ಆದರೂ ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಒಕ್ಕಲುಮಕ್ಕಳ ಬಾಯಲ್ಲಿ ಹೆಣ್ಣುದನದ ಗರ್ಭಕ್ಕೆ ಸಂಬಂಧಿಸಿದ ಮಾತುಗಳನ್ನು ವಿಚಾರಿಸಹೊರಟವನಿಗೆ ಆ ಗ್ರಂಥಕರ್ತನ ನೆನಪಾಗದಿರದು.

ಹೆಂಗಸು ಬಸಿರಿ, ಆಕಳು ಗಬ್ಬ. ‘ಬಸಿರು’ ಅಚ್ಚ ದೇಶ್ಯ, ತಮಿಳಿನ ‘ವಯಿರು’ ಎಂಬುದಕ್ಕೆ ಜ್ಞಾತಿ, ಮೂಲಾರ್ಥ ಹೊಟ್ಟೆ. ‘ಗಬ್ಬ’ವಾದರೋ ಸಂಸ್ಕೃತ ‘ಗರ್ಭ’ದ ತದ್ಭವ. ದೇಶ್ಯವು ಮನೆಯಲ್ಲಿ ಉಳಿದು ತದ್ಭವವು ಕೊಟ್ಟಿಗೆಯನ್ನು ಸೇರಿದುದು ವಿನೋದಕರವಾಗಿದೆ. ಇನ್ನೂ ಈಯದ ಹರೆಯದ ದನ ಮಣಕ. ಗರ್ಭ ನಿಲ್ಲದುದು ಗೊಡ್ಡು. ಅಕಾಲದಲ್ಲಿ ಗರ್ಭವಿಳಿದರೆ ಕಂದುಹಾಕಿತು ಎನ್ನುವರು. ಅಮರಕೋಶದಲ್ಲಿ ಒಮ್ಮೆ ಈದವಳು ಗೃಷ್ಟಿ, ಬಂಜೆ ವಶಾ, ಗರ್ಭವನ್ನು ಕೆಡಿಸಿಕೊಳ್ಳುವವಳು ವೇಹತ್. ಇವನ್ನೆಲ್ಲ ಪಾಠಶಾಲೆಯಲ್ಲಿ ಕಂಠಸ್ಥ ಮಾಡಿದ ನಾನು ಬನಶಂಕರಿ ಜಾತ್ರೆಯ ದನಗಳ ನಡುವೆ ನಿಂತು ಗಬ್ಬದ ಮಣಕವನ್ನೂ ಗೊಡ್ಡನ್ನೂ ಗುರುತಿಸಲಾರದೆ ನಾಚಿದೆನು.

ಹೊರಗೆ ಕಾಣುವುದಕ್ಕೆ ಇಷ್ಟು ಸಂಪತ್ತುಳ್ಳ ಆಡುಮಾತು ಒಳಗಿನ ಅವಯವಗಳಲ್ಲಿ ಬಡವಾಗಿದೆ. ಸಂಸ್ಕೃತವು ಇಲ್ಲಿ ಒದಗಬೇಕು. ಆದರೆ ಎಚ್ಚರವೂ ಬೇಕು. ಸುಶ್ರುತನು ಯೋನಿಯು ಶಂಖನಾಭಿಯ ಆಕಾರದ್ದು, ಮೂರು ಆವರ್ತಗಳುಳ್ಳದ್ದು, ಮೂರನೆಯದರಲ್ಲಿ ಗರ್ಭಶಯ್ಯೆಯಿದೆ ಎಂದು ಹೇಳಿರುವನು. ಹೀಗೆ ‘ಯೋನಿ’ಯು ಇಡೀ ಮಾರ್ಗಕ್ಕೆ ಅನ್ವಯಿಸುವ ಪದ. ಇದನ್ನು ಮರೆತು, ದನಸಾಕುವವರಿಗಾಗಿ ಸಿದ್ಧವಾಗುತ್ತಿದ್ದ ಒಂದು ಕೈಪಿಡಿಯ ಕರಡಿನಲ್ಲಿ ನಾನೇ ಗರ್ಭಾಶಯವಿರಬೇಕಾದಲ್ಲಿ ‘ಯೋನಿ’ ಎಂದು ತಿದ್ದಿದ್ದೆನು. ಪಶುವೈದ್ಯರೊಬ್ಬರು ಅದನ್ನು ತಡೆಯದಿದ್ದರೆ ಔಷಧವು ಎಲ್ಲಿಗೆ ಸೇರುತ್ತಿತ್ತೋ! ಮೇಲಾಗಿ ಸುಶ್ರುತನ ವರ್ಣನೆ ಮಾನುಷಿಯದು. ಮಾನುಷಿಯ ಗರ್ಭಾಶಯ ಒಂದೇ ಕೋಶ. ಆಕಳದು ಟಗರಿನ ಕೋಡುಗಳಂತೆ ಸುರುಳಿಗೊಂಡ ಎರಡು ಶೃಂಗಗಳುಳ್ಳದ್ದು. ಸಾಮಾನ್ಯವಾಗಿ ಕರುವು ಒಂದು ಶೃಂಗದಲ್ಲಿ ಸುಮಾರು 280 ದಿನ ಬೆಳೆಯುವುದು. ಎಮ್ಮೆಯಲ್ಲಿ 310, ಕುರಿಯಲ್ಲಿ 150 ದಿನಗಳು.

ಪದದಿಂದಲೇ ಪ್ರಾಣಾಪಾಯವಾಗುವುದು ‘ಕಸ’ದ ವಿಷಯದಲ್ಲಿ. ಜರಾಯುವನ್ನು ಮಾಸು ಎಂದೂ ಕಸವೆಂದೂ ಕರೆಯುವರು. ಕಸವೆಂದ ಮೇಲೆ ಎಳೆದು ಬಿಸಾಡುವುದೇ ಸರಿಯೆಂಬ ಭಾವನೆ ಬರುವುದು; ಜೋಲುವ ಮಾಸಿಗೆ ಕಲ್ಲನ್ನೋ ಹಳೆಯ ಕೆರವನ್ನೋ ಕಟ್ಟುವ ರೂಢಿ ಇದರಿಂದ ಬಲಗೊಂಡಿರಬಹುದು. ವಸ್ತುತಃ ಆಕಳ ಗರ್ಭಾಶಯದ ಒಳಗೋಡೆಯಲ್ಲಿ 70ರಿಂದ 120ರವರೆಗೆ ಉಬ್ಬುಗಳಿದ್ದು, ಮಾಸು ಅಂಗಿಯ ಗುಂಡಿಗಳಂತೆ ಅವುಗಳಲ್ಲಿ ತೊಡರಿಕೊಂಡಿರುತ್ತದೆ. ಈದ ಬಳಿಕ ಹನ್ನೆರಡು ತಾಸುಗಳೊಳಗೆ ಅವು ತಾವಾಗಿ ಬಿಚ್ಚಿಕೊಳ್ಳಬೇಕು. ಬಿಚ್ಚದಿದ್ದರೆ ವೈದ್ಯನನ್ನು ಕರೆಯತಕ್ಕದ್ದು. ಎಳೆದರೆ ಉಬ್ಬುಗಳು ಹರಿದು ರಕ್ತ ಸುರಿದು, ನಂಜೇರಿ, ಹಾಲಿನ ಆಕಳು ಗೊಡ್ಡಾಗುವುದುಂಟು, ಸಾಯುವುದೂ ಉಂಟು. ಈ ಉಬ್ಬುಗಳಿಗೆ ‘ಗುಂಡಿ’ ಎಂದೇ ಹೆಸರಿಡಬಹುದೆಂದು ನನ್ನ ಮತ. ಸಂಸ್ಕೃತದಲ್ಲಿ ಗಂಭೀರವಾದ ಸಮಾಸವೊಂದನ್ನು ಕಟ್ಟುವುದು ನನಗೆ ಕಷ್ಟವಲ್ಲ. ಆದರೆ ಹುನಗುಂದದ ಮುದುಕಿಯು ಗುಂಡಿಯನ್ನು ಬಿಚ್ಚಬೇಕಲ್ಲದೆ ಹರಿಯಬಾರದೆಂಬುದನ್ನು ಯಾರೂ ಹೇಳದೆಯೇ ಬಲ್ಲಳು.