ದೋಣಿಯನ್ನು ಕೆಡಿಸುವುದು ಮೇಲಿನ ನೀರು

ಹಾಯಿದೋಣಿಯೊಳಗೆ ನೀರು ಕಂಡರೆ ಎಲ್ಲರ ಕಣ್ಣೂ ಮೊದಲು ತಳಕ್ಕೆ ಹೋಗುತ್ತದೆ. ಹೋಗಬೇಕಾದದ್ದೇ. ನೀರಿನ ಮಟ್ಟದಿಂದ ಎರಡಡಿ ಕೆಳಗೆ ಒಂದಿಂಚಿನ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 60 ಲೀಟರ್ ಒಳನುಗ್ಗುತ್ತದೆ. ಆದರೆ ಅಂಥ ಸೋರಿಕೆಯನ್ನು ಹುಡುಕಬೇಕಾಗಿಲ್ಲ, ಅದೇ ಕೂಗಿ ಹೇಳುತ್ತದೆ. ಫೈಬರ್‌ಗ್ಲಾಸಿನ ಚಿಕ್ಕ ದೋಣಿಗಳನ್ನು ಸದ್ದಿಲ್ಲದೆ ಹಾಳುಮಾಡುವುದು ಡೆಕ್ಕಿನ ಮೇಲೆ ಬೀಳುವ ಮಳೆನೀರು. 1959ರಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಬಂದ 28 ಅಡಿಯ ಪಿಯರ್ಸನ್ ಟ್ರೈಟನ್‌ನಂಥ ದೋಣಿಗಳ ಡೆಕ್ಕಿನಲ್ಲಿ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿರುತ್ತದೆ. ರೇಲಿಂಗ್ ಕಂಬ, ಹಗ್ಗ ಕಟ್ಟುವ ಗೂಟ ಮುಂತಾದವನ್ನು ಇದನ್ನು ಕೊರೆದೇ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಬೋಲ್ಟಿನ ಸುತ್ತಲಿನ ಅಂಟು ಹಳತಾಗಿ ಬಿರುಕು ಬಿಟ್ಟರೆ ನೀರು ಸೀದಾ ಮರಕ್ಕೆ ಇಳಿಯುತ್ತದೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲೇ ಮರ ಬೇಗ ಕೊಳೆಯುವುದು.

ಹಂಚಿನ ಮನೆಯಲ್ಲಿ ವಾಸಿಸಿದವರಿಗೆ ಗೊತ್ತು, ಒಡೆದ ಹಂಚು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ. ದೋಣಿಯಲ್ಲೂ ಒಳಮುಚ್ಚಿಗೆಯ ಹಿಂದೆ ಹರಿದ ನೀರು ಎಷ್ಟೋ ಅಡಿ ದೂರದಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಹನಿ ಬಿದ್ದಲ್ಲಿಗೇ ಅಂಟಿನ ಟ್ಯೂಬು ಒಯ್ಯುವುದು ವ್ಯರ್ಥ. ಮೊದಲು ನೀರನ್ನು ನಾಲಗೆಗೆ ಮುಟ್ಟಿಸಿ ನೋಡಬೇಕು: ಉಪ್ಪಿದ್ದರೆ ಸಮುದ್ರದ್ದು, ಸಪ್ಪೆಯಾಗಿದ್ದರೆ ಮಳೆಯದ್ದು ಅಥವಾ ದೋಣಿಯ ಟ್ಯಾಂಕಿನದು. ಆಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರುವಾಗ ಇನ್ನೊಬ್ಬರು ಹೊರಗೆ ಪೈಪಿನಿಂದ ನೀರು ಬಿಡಬೇಕು, ಅದೂ ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಜಾಗಕ್ಕೆ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಕಳ್ಳ ಯಾರೆಂದು ತಿಳಿಯುವುದಿಲ್ಲ. ಇದರಲ್ಲೂ ಸಿಕ್ಕದಿದ್ದರೆ ಕಿಟಕಿ ಬಾಗಿಲು ಮುಚ್ಚಿ, ಬ್ಲೋವರ್‌ನಿಂದ ಒಳಗೆ ಗಾಳಿ ತುಂಬಿ, ಹೊರಗಡೆ ಸೋಪಿನ ನೀರು ಬಳಿಯುತ್ತಾರೆ. ಗುಳ್ಳೆ ಎದ್ದ ಕಡೆ ತೂತಿದೆ.

ಇಷ್ಟೆಲ್ಲ ಏಕೆ, ಸುತ್ತ ಸಿಲಿಕೋನ್ ಮೆತ್ತಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಒಳಗಾಗಲೇ ಸೇರಿದ ನೀರನ್ನು ಅದು ಅಲ್ಲೇ ಬಂಧಿಸಿಡುತ್ತದೆ. ಕೆರೆದು ತೆಗೆದ ಮೇಲೂ ಉಳಿಯುವ ಅದರ ಜಿಡ್ಡಿನ ಮೇಲೆ ಮುಂದೆ ಬೇರಾವ ಅಂಟೂ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ. ಪಂಪ್ ಇದೆಯಲ್ಲ ಎಂಬ ಸಮಾಧಾನವೂ ಟೊಳ್ಳು: ಪಂಪ್ ಎತ್ತುವುದು ತಳಕ್ಕೆ ಬಂದ ನೀರನ್ನು, ಡೆಕ್ಕಿನ ಹೊಟ್ಟೆಯಲ್ಲಿ ನಿಂತದ್ದನ್ನಲ್ಲ. ಸೋರಿಕೆಯನ್ನೆಲ್ಲ ನಿಲ್ಲಿಸಲೇಬೇಕು ಎಂಬ ಮಾತಿಗೆ, ಎಂಜಿನ್ ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಹಳೆಯ ಮಾದರಿಯ ಗ್ಲ್ಯಾಂಡ್ ಮಾತ್ರ ಹೊರತು. ಶಾಫ್ಟ್ ತಿರುಗುವಾಗ ಅದು ನಿಮಿಷಕ್ಕೆ ಒಂದೆರಡು ಹನಿ ಸೋರಲೇಬೇಕು, ಪೂರ್ತಿ ಬಿಗಿದರೆ ಒಳಗಿನ ಪ್ಯಾಕಿಂಗ್ ಸುಟ್ಟುಹೋಗುತ್ತದೆ.

ಸರಿಯಾದ ದುರಸ್ತಿಗೆ ಶ್ರಮ ಬೇಕು ಎಂಬ ಆಕ್ಷೇಪ ನಿಜ. ಬೋಲ್ಟ್ ಕಳಚಿ, ತೂತನ್ನು ದೊಡ್ಡದು ಮಾಡಿ, ಕೊಳೆತ ಮರವನ್ನು ಕೆರೆದು, ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬಬೇಕು. ಅದು ಕಲ್ಲಾದ ಮೇಲೆ ನಡುವೆ ಹೊಸ ತೂತು ಕೊರೆದರೆ ಬೋಲ್ಟಿಗೂ ಮರಕ್ಕೂ ಸಂಪರ್ಕವೇ ಇರುವುದಿಲ್ಲ. ತೂತಿನ ಬಾಯಿಯನ್ನು ಚೂರು ಇಳಿಜಾರಾಗಿ ಉಜ್ಜಿ, ಬೋಲ್ಟಿನ ಕುತ್ತಿಗೆಗೆ ಬ್ಯುಟೈಲ್ ಟೇಪ್ ಸುತ್ತಿ, ಬೋಲ್ಟ್ ಅಲುಗದಂತೆ ಹಿಡಿದು ಕೆಳಗಿನಿಂದ ನಟ್ಟನ್ನಷ್ಟೇ ತಿರುಗಿಸಬೇಕು. ಬೋಲ್ಟ್ ತಿರುಗಿತೋ, ಟೇಪಿನ ಹಿಡಿತ ತಪ್ಪಿತು. ಒಂದು ಬೋಲ್ಟಿಗೆ ಇಷ್ಟು ಕೆಲಸ ಹೆಚ್ಚೆನಿಸಬಹುದು. ಬಿಟ್ಟರೆ ಮುಂದೆ ಡೆಕ್ಕನ್ನೇ ಕೊಯ್ದು ಮರ ಬದಲಿಸಬೇಕಾಗುತ್ತದೆ. ಹಳೆಯ ದೋಣಿ ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ, ಸ್ಕ್ರೂಡ್ರೈವರಿನ ಹಿಡಿಯಿಂದ ಪ್ರತಿ ಬೋಲ್ಟಿನ ಸುತ್ತ ತಟ್ಟಿ ನೋಡಿ. ಟಣ್ ಎನ್ನುವ ಬದಲು ದಬ್ ಎಂದರೆ ಒಳಗಿನ ಮರದ ಬಗ್ಗೆ ಅನುಮಾನಪಟ್ಟು ಬೆಲೆ ಮಾತಾಡಿ.